ಗಂಟೆ ಬಾರಿಸಲು ಅನುಮತಿ

ಪಕ್ಕದ ಬೀದಿಯ ಮನೆಯೊಂದು ಉರಿದುಹೋದ ವಾರದಲ್ಲೇ ನಮ್ಮ ಬಡಾವಣೆಯ ಸಂಘವು ಅಪಾಯದ ಗಂಟೆಯೊಂದನ್ನು ತೂಗುಹಾಕಿತು. ಅಧ್ಯಕ್ಷ ಚಂದ್ರಮೌಳಿಯವರು ಕಾವಲುಗಾರನನ್ನು ಕರೆದು ಅಪ್ಪಣೆ ಕೊಟ್ಟರು: "ಸುಮ್ಮಸುಮ್ಮನೆ ಬಾರಿಸಿದರೆ ಸಂಘದ ಮರ್ಯಾದೆ ಏನಾಗಬೇಕು? ಅನುಮತಿ ಕೋರುವ ಅರ್ಜಿಗೆ ನನ್ನ ಸಹಿ ಬೀಳದೆ ಬಾರಿಸಿದರೆ ನಿನ್ನ ಕೆಲಸ ಹೋಯಿತೆಂದು ತಿಳಿ."

ಕಾವಲುಗಾರ ರಾತ್ರಿಯೆಲ್ಲ ಯೋಚಿಸಿದ. ಬಾರಿಸಿದರೆ ತನ್ನ ಅನ್ನ ಹೋಗುತ್ತದೆ. ತಡಮಾಡಿದರೆ ಜನರ ಪ್ರಾಣ.

ಮರುದಿನ ಬೆಳಿಗ್ಗೆ ಅರ್ಜಿಯೊಂದನ್ನು ಹಿಡಿದು ಅಧ್ಯಕ್ಷರ ಮನೆಗೆ ಬಂದ. "ಸ್ವಾಮಿ, ಬೆಂಕಿ ಬಿದ್ದಾಗ ಬರೆಯುತ್ತ ಕೂರಲಾಗದು. ಮೊದಲೇ ತುಂಬಿಸಿ ತಂದಿದ್ದೇನೆ. ಒಂದು ಕಡೆ ಮಾತ್ರ ಖಾಲಿ ಉಳಿದಿದೆ."

ಅಧ್ಯಕ್ಷರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಬೆಂಕಿ ಬಿದ್ದ ಸ್ಥಳ: ಅಧ್ಯಕ್ಷರ ಮನೆ. ಒಳಗೆ ಸಿಕ್ಕಿಕೊಂಡವರು: ಅಧ್ಯಕ್ಷರು. ಅವರಿಗೆ ಸಹಿ ಹಾಕಲಾಗದ ಕಾರಣ..." ದನಿ ಅಲ್ಲಿಗೇ ನಿಂತಿತು.

"ಅಲ್ಲಿ ಏನು ಬರೆಯಲಿ, ಸ್ವಾಮಿ?"

"ಬಿಡ್ತು ಅನ್ನು!" ಅಧ್ಯಕ್ಷರ ಕಣ್ಣು ಅಡುಗೆಮನೆಯ ಸಿಲಿಂಡರಿನ ಕಡೆಗೆ ಹೊರಳಿತು. ಅರ್ಜಿಯನ್ನು ಹರಿದುಹಾಕಿದರು. "ಸಹಿಯೂ ಬೇಡ, ಏನೂ ಬೇಡ. ಹೊಗೆ ಕಂಡರೆ ಮೊದಲು ಬಾರಿಸು."

ಕಾವಲುಗಾರ ಹೊಸಿಲು ದಾಟುವಷ್ಟರಲ್ಲಿ ಮತ್ತೆ ಕೂಗಿದರು: "ನಿಲ್ಲಯ್ಯಾ! ನಾನು ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತೇನೆ. ನೀನು ಹೋಗಿ ಒಮ್ಮೆ ಜೋರಾಗಿ ಬಾರಿಸು. ಕೇಳಿಸದಿದ್ದರೆ ಇನ್ನೂ ದೊಡ್ಡ ಗಂಟೆ ತರಿಸೋಣ."