ಹತ್ತಿ ನೆಕ್ಕಿದ ಬೆಲ್ಲದ ವ್ಯಾಪಾರಿ

“ಗುರುಗಳೇ, ನೀವು ನನಗೆ ಕೊಟ್ಟ ಮಂತ್ರ ನಿಜವಾದದ್ದೋ, ಸುಮ್ಮನೆ ಕೊಟ್ಟದ್ದೋ?” ಎಂದು ಪಂಪಾಪತಿ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕುಳಿತು ಮೊರದಲ್ಲಿ ಬೇಳೆ ಆರಿಸುತ್ತಿದ್ದರು. ಶಿಷ್ಯನ ಬಗಲಲ್ಲಿ ಬಟ್ಟೆಯ ಗಂಟಿತ್ತು. ಒಂದೇ ದಿನ ಮೂವರಿಗೆ ಉಪದೇಶವಾಗಿತ್ತು. ಉಳಿದಿಬ್ಬರ ಮುಖಕ್ಕೆ ಕಳೆ ಬಂದಿತ್ತು. ಇವನಿಗೆ ಬಂದದ್ದು ಮಂಡಿನೋವು ಮಾತ್ರ. ಹದಿನೈದು ದಿನದಿಂದ ಜಪ ಬಿಟ್ಟಿದ್ದ. ಆ ಇಬ್ಬರ ಪಂಕ್ತಿಯಲ್ಲಿ ಊಟಕ್ಕೆ ಕೂರುವುದನ್ನೂ ಬಿಟ್ಟಿದ್ದ. ಉತ್ತರ ಸರಿಬರದಿದ್ದರೆ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡುವುದೆಂದು ನಿಶ್ಚಯಿಸಿದ್ದ.

“ಬಸ್ಸಿಗೆ ಇನ್ನೂ ಹೊತ್ತಿದೆ, ಕೂತುಕೋ” ಎಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಬೆಲ್ಲದ ಮೂಲೆ ಚಿವುಟಿ ನಾಲಿಗೆಗೆ ಇಟ್ಟರೆ ಸಾಕು, ಯಾವ ಹೊಲದ ಕಬ್ಬು, ಯಾರು ಕಾಯಿಸಿದ್ದು ಎಂದು ಹೇಳಿಬಿಡುತ್ತಿದ್ದ. ದೇವರ ಮೇಲೆ ಇದ್ದುದಕ್ಕಿಂತ ಆ ನಾಲಿಗೆಯ ಮೇಲೆ ಅವನಿಗೆ ನಂಬಿಕೆ ಒಂದು ಕೈ ಹೆಚ್ಚು.

ಅವನಿಗೊಬ್ಬ ತಮ್ಮನಿದ್ದ. ತಮ್ಮ ಎಚ್‌ಐವಿಯಿಂದ ಸತ್ತ. ರೋಗ ತಿಳಿದ ಮೇಲೆ ವ್ಯಾಪಾರಿ ಆ ಮನೆಯ ಹೊಸ್ತಿಲು ತುಳಿಯಲಿಲ್ಲ, ಅಲ್ಲಿ ಗುಟುಕು ನೀರು ಕುಡಿಯಲಿಲ್ಲ. ಸತ್ತಾಗ ಕಾಮಾಲೆಯೆಂದು ಊರಿಗೆಲ್ಲ ಹೇಳಿದ. ಎಲ್ಲ ರುಚಿಯನ್ನೂ ಹೇಳುವ ನಾಲಿಗೆ ಅದೊಂದು ನಿಜ ಹೇಳಲಿಲ್ಲ. ಆರು ವರ್ಷ ಆ ಸಂಕಟ ಅವನನ್ನು ಒಳಗೊಳಗೇ ತಿಂದಿತು.

ಆಗ ಊರಿನ ಆಸ್ಪತ್ರೆಗೆ ಆ ರೋಗ ತಡೆಯುವ ಲಸಿಕೆಯೊಂದರ ಪ್ರಯೋಗ ಬಂತು. ರೋಗವಿಲ್ಲದ ಆರೋಗ್ಯವಂತರು ಬೇಕಾಗಿದ್ದರು. ತಮ್ಮನಿಗಾಗಿ ಇಷ್ಟಾದರೂ ಮಾಡೋಣವೆಂದು ವ್ಯಾಪಾರಿ ತನ್ನ ಎಡತೋಳು ಕೊಡಲು ಮುಂದಾದ.

ಡಾಕ್ಟರು ಕಾಗದ ಓದಿ ಹೇಳಿದರು. ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಹಾಕಿಸಿಕೊಂಡವರಿಗೂ ತಿಳಿಯದು, ಹಾಕಿದವರಿಗೂ ತಿಳಿಯದು. ಪಟ್ಟಿ ದೂರದ ಊರಿನಲ್ಲಿ ಬೀಗದೊಳಗೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರೆ. ಇಲ್ಲಿ ಏನು ಕೊಟ್ಟೆನೆಂದು ಬಲಗೈಗೂ ತಿಳಿಯದು. ಡಾಕ್ಟರು ಅರ್ಥವಾಯಿತೇ ಎಂದು ಕೇಳಿ, ಎಲ್ಲವನ್ನೂ ಅವನ ಬಾಯಿಂದಲೇ ತಿರುಗಿ ಹೇಳಿಸಿದರು. ಅವನು ಗಿಣಿಯ ಹಾಗೆ ಒಪ್ಪಿಸಿದ. ಮನಸ್ಸಿನಲ್ಲಿ ತಿಳಿದುಕೊಂಡದ್ದು ಮಾತ್ರ ಬೇರೆ. ಉಪ್ಪುನೀರು ಕಂಡಕಂಡವರಿಗೆ, ಪರಿಚಯದವರಿಗೆ ಲಸಿಕೆ ಕೊಟ್ಟೇ ಕೊಡುತ್ತಾರೆ ಎಂದುಕೊಂಡ. ಅವನ ಅಂಗಡಿಯಲ್ಲಿ ಪರಿಚಯದವರಿಗೆ ಒಳ್ಳೆಯ ಬೆಲ್ಲ, ಉಳಿದವರಿಗೆ ಅಡಿಯದ್ದು. ತಾ ಕಳ್ಳ, ಪರರ ನಂಬ.

ಪರಿಚಯ ಗಟ್ಟಿಯಾಗಲೆಂದು ಎರಡನೆಯ ಚುಚ್ಚುಮದ್ದಿಗೆ ಹೋಗುವಾಗ ನರ್ಸಮ್ಮನಿಗೆ ಒಂದು ಪೆಂಟೆ ಬೆಲ್ಲ ಒಯ್ದ. ಆಕೆ ಬೆಲ್ಲವನ್ನು ಅವನ ಚೀಲಕ್ಕೇ ಹಿಂತಿರುಗಿಸಿ, ಸೂಜಿಯನ್ನು ತೋಳಿಗೆ ಹಾಕಿದಳು. ಅವನಿಗೆ ಅನುಮಾನ ಹತ್ತಿತು. ಬೆಲ್ಲ ಬೇಡವೆಂದವರು ಲಸಿಕೆ ಕೊಟ್ಟಾರೆಯೇ? ಕೊನೆಗೆ ತನ್ನ ಕಸುಬಿಗೇ ಮೊರೆಹೋದ. ಚುಚ್ಚಿದ ಜಾಗಕ್ಕೆ ಒತ್ತಿಕೊಂಡಿದ್ದ ಹತ್ತಿಯನ್ನು, ಆಸ್ಪತ್ರೆಯ ಬಾಗಿಲ ಹಿಂದೆ ನಿಂತು ನೆಕ್ಕಿದ.

ಉಪ್ಪಗಿತ್ತು.

ತನಗೆ ಹಾಕಿದ್ದು ಉಪ್ಪುನೀರೇ ಎಂದು ತೀರ್ಮಾನಿಸಿದ. ತಮ್ಮನಿಗಾಗಿ ಮಾಡಿದ್ದೆಲ್ಲ ನೀರುಪಾಲಾಯಿತೆಂದುಕೊಂಡ.

ಆ ಪ್ರಯೋಗಕ್ಕೆ ಊರಿನವರದೂ ಒಂದು ಸಮಿತಿಯಿತ್ತು. ಡಾಕ್ಟರ ಕಾಗದದಲ್ಲಿ ಜನಕ್ಕೆ ತಿಳಿಯದ ಮಾತಿದ್ದರೆ ತಿದ್ದಿಸುವುದು, ಯಾರಿಗೂ ಮೋಸವಾಗದಂತೆ ನೋಡುವುದು ಅದರ ಕೆಲಸ. ಸತ್ತ ತಮ್ಮನ ಹೆಂಡತಿ ಅದರಲ್ಲಿದ್ದಳು. ಅವಳಿಗೂ ಆ ರೋಗವಿತ್ತು. ಅವಳು ಅದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ದಿನವೂ ಮಾತ್ರೆ ನುಂಗುತ್ತ ಗಟ್ಟಿಯಾಗಿದ್ದಳು. ಡಾಕ್ಟರಿಂದ ಕಾಗದವನ್ನು ಮೂರು ಸಲ ತಿದ್ದಿಸಿದ ಹೆಂಗಸೆಂದು ಹೆಸರಾಗಿದ್ದಳು. ವ್ಯಾಪಾರಿ ನೆಟ್ಟಗೆ ಅವಳ ಮನೆಗೆ ಓಡಿದ.

ಅವಳು ಆಶ್ಚರ್ಯಪಟ್ಟರೂ ತೋರಿಸಿಕೊಳ್ಳಲಿಲ್ಲ. ಕೂರಿಸಿ ಚಹಾ ಕೊಟ್ಟಳು.

“ತಂಗೆವ್ವ, ನೀ ಸಮಿತ್ಯಾಗ ಇದ್ದೀ. ನನಗ ಹಾಕಿದ್ದು ಏನಂತ ಅಷ್ಟು ನೋಡಿ ಹೇಳವ್ವ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ” ಎಂದ.

“ನನಗೂ ಗೊತ್ತಿಲ್ರಿ ಭಾವಾರ. ಡಾಕ್ಟರಿಗೇ ಗೊತ್ತಿಲ್ಲ.”

“ನನಗ ಗೊತ್ತೈತಿ. ಉಪ್ಪುನೀರ. ಹತ್ತಿ ನೆಕ್ಕಿ ನೋಡೇನಿ.”

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅದು ನಿಮ್ಮ ರಕ್ತದ ರುಚಿರೀ ಭಾವಾರ!”

ವ್ಯಾಪಾರಿಗೆ ನಗು ಬರಲಿಲ್ಲ. “ತಮ್ಮ ಇದ್ದಾಗ ಬರಲಿಲ್ಲ. ಸತ್ತಾಗ ಕಾಮಣಿ ಅಂದೆ. ಈಗರ ಒಂದು ಖರೇ ಕೆಲಸ ಮಾಡಬೇಕಂದ್ರ, ಅದೂ ಬರೇ ನೀರಾದ್ರ ನಾ ಅವಂಗ ಏನ ಮಾಡಿದಂಗಾತು?” ಎಂದ.

ಅವಳು ನಗು ನಿಲ್ಲಿಸಿ, ಖಾಲಿಯಾಗಿದ್ದ ಲೋಟಕ್ಕೆ ಮತ್ತೆ ಚಹಾ ಸುರಿದಳು. “ನಿಮ್ಮ ತಕ್ಕಡ್ಯಾಗ ಒಂದ ಕಡೆ ಬೆಲ್ಲ. ಇನ್ನೊಂದ ಕಡೆ?”

“ಕಲ್ಲು.”

“ಕಲ್ಲು ಸೀ ಇರತೈತೇನ್ರಿ?”

“ಅದ್ಹೆಂಗ ಇರತೈತಿ?”

“ಮತ್ತ ಕಲ್ಲ ಇಡದ ಬೆಲ್ಲ ತೂಗ್ತೀರೇನು? ಲಸಿಕಿ ಎಷ್ಟು ತೂಗತೈತಿ ಅಂತ ಗೊತ್ತಾಗಬೇಕಂದ್ರ ಯಾರರ ಕಲ್ಲಾಗಬೇಕಲ್ರಿ, ಭಾವಾರ.”

ಹುಟ್ಟಿದಾಗಿನಿಂದ ತಕ್ಕಡಿ ಹಿಡಿದವನಿಗೆ ಇದು ಹೊಳೆದಿರಲಿಲ್ಲ. ತಲೆ ತಗ್ಗಿಸಿದ. ಆಗ ಕೈಯಲ್ಲಿದ್ದ ಲೋಟ ಕಣ್ಣಿಗೆ ಬಿತ್ತು. ಎರಡನೆಯದೂ ಮುಗಿದಿತ್ತು. ತಾನು ಯಾವ ಮನೆಯಲ್ಲಿ ಕೂತು ಕುಡಿದೆನೆಂದು ಆಗ ತಿಳಿಯಿತು. ಆಮೇಲೆ ಲೋಟ ಮುಂದೆ ಚಾಚಿ, “ಇನ್ನಷ್ಟು ಹಾಕವ್ವ” ಎಂದ.

ಅಂದಿನಿಂದ ವಾರಕ್ಕೊಮ್ಮೆ ಆ ಮನೆಗೆ ಬೆಲ್ಲ ಹೋಯಿತು. ಅವಳು ಹಿಂತಿರುಗಿಸಲಿಲ್ಲ. ಅಂಗಡಿಯಲ್ಲಿ ಯಾರೋ ತಮ್ಮನ ಕಾಮಾಲೆಯ ಮಾತೆತ್ತಿದಾಗ, ಕಾಮಾಲೆಯಲ್ಲ, ಎಚ್‌ಐವಿ ಎಂದ. ಹೇಳುವಾಗ ತಕ್ಕಡಿಯ ಮುಳ್ಳಿನ ಮೇಲಿನ ಕಣ್ಣು ಕೂಡ ತೆಗೆಯಲಿಲ್ಲ. ಉಳಿದ ಚುಚ್ಚುಮದ್ದುಗಳನ್ನೂ ತಪ್ಪದೆ ಹಾಕಿಸಿಕೊಂಡ. ಹತ್ತಿಯನ್ನು ಬುಟ್ಟಿಗೆ ಹಾಕಿದ.

ಮೂರು ವರ್ಷದ ಮೇಲೆ ಪಟ್ಟಿಯ ಬೀಗ ತೆಗೆದರು. ಆ ಲಸಿಕೆ ರೋಗ ತಡೆಯಲಿಲ್ಲ. ಡಾಕ್ಟರು ಅತ್ತರು, ನರ್ಸಮ್ಮ ಅತ್ತಳು, ಸಮಿತಿಯವರು ಊಟ ಬಿಟ್ಟರು. ನಿಮಗೆ ಹಾಕಿದ್ದು ಯಾವುದೆಂದು ಬಂದು ತಿಳಿದುಕೊಳ್ಳಿ ಎಂದು ಎಲ್ಲರಿಗೂ ಕಾಗದ ಹೋಯಿತು. ವ್ಯಾಪಾರಿಯೂ ಹೋದ. ತೋಳು ಮೇಲಕ್ಕೆ ಮಡಿಸಿಕೊಂಡು, ಮುಂದಿನ ಲಸಿಕೆ ಯಾವಾಗ ಎಂದು ಕೇಳಿ ಬಂದ. ತನ್ನದು ಯಾವುದೆಂದು ಕೇಳುವುದನ್ನು ಮರೆತೇಬಿಟ್ಟ.

ಗುರುಗಳು ಇಷ್ಟು ಹೇಳಿ ಮೊರದ ಕಡೆ ತಿರುಗಿದರು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಪಂಪಾಪತಿ ಎದ್ದು ನಿಂತ, ಆದರೆ ಕಾಲು ಮುಂದೆ ಹೋಗಲಿಲ್ಲ.

“ಅವನು ಮರೆತ, ಸರಿ. ನಾನು ಮರೆತಿಲ್ಲ ಗುರುಗಳೇ” ಎಂದ. “ನನ್ನ ಮಂತ್ರ ಯಾವುದು, ಬೆಲ್ಲವೋ ಕಲ್ಲೋ? ಕೊಟ್ಟವರು ನೀವು. ನಿಮಗೆ ಗೊತ್ತಿರಲೇಬೇಕು.”

ಗುರುಗಳು ಬೇಳೆಯೊಳಗಿನ ಸಣ್ಣ ಕಲ್ಲೊಂದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಶಿಷ್ಯನ ಅಂಗೈಯಲ್ಲಿಟ್ಟು ಹೇಳಿದರು:

“ನನ್ನದು ಯಾವುದೆಂದು ನಲವತ್ತು ವರ್ಷದಿಂದ ನನಗೇ ಯಾರೂ ಹೇಳಿಲ್ಲ, ಮಗು.”