ಬೆರಳು ಕೇಳದ ಗರಗಸ

"ಗುರುಗಳೇ, ಕಲಿಸುವವನು ಪಟ್ಟ ಕಷ್ಟವನ್ನು ಕಲಿಯುವವನೂ ಪಡದಿದ್ದರೆ ಅವನಿಗೆ ವಿದ್ಯೆ ಹತ್ತುವುದು ಹೇಗೆ?"

ಹೀಗೆ ಕೇಳಿದವನು ಮಠದ ಪಾಠಶಾಲೆಯ ಹಿರಿಯ ಶಿಷ್ಯ ಮಡಿವಾಳಯ್ಯ. ಆ ವರ್ಷ ಕಿರಿಯರಿಗೆ ವ್ಯಾಕರಣ ಹೇಳಿಕೊಡುವ ಹೊಣೆ ಅವನ ಮೇಲೆ ಬಿದ್ದಿತ್ತು. ಅವನು ಕಲಿಯುತ್ತಿದ್ದ ಕಾಲದಲ್ಲಿ ತಪ್ಪು ಹೇಳಿದವರನ್ನು ಅಂಗಳದ ಗರಸಿನ ಮೇಲೆ ಮಂಡಿಯೂರಿಸುತ್ತಿದ್ದರು. ಈಗ ಅವನೂ ಕಿರಿಯರನ್ನು ಹಾಗೆಯೇ ಮಂಡಿಯೂರಿಸಿದ್ದ. ಗುರುಗಳು ಅದನ್ನು ಕಂಡು ಎಲ್ಲರನ್ನೂ ಎಬ್ಬಿಸಿ ಊಟಕ್ಕೆ ಕಳಿಸಿದ್ದರು. ಅದು ಅವನಿಗೆ ಅವಮಾನವಾಗಿತ್ತು.

"ಛಡಿ ಛಂ ಛಂ, ವಿದ್ಯಾ ಘಂ ಘಂ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?" ಎಂದು ಅವನು ಸೇರಿಸಿದ.

ಗುರುಗಳು ನಕ್ಕರು. "ಆ ಮಾತು ಹೇಳಿದವನ ಕೈಯಲ್ಲಿ ಛಡಿ ಇತ್ತು, ಅಷ್ಟೇ. ಕೂತುಕೋ" ಎಂದು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಅವನ ಹೆಸರು ಬೇಡ. ಹೆಸರು ಕಿವಿಗೆ ಬಿದ್ದರೆ ಅವನೇ ಎದ್ದು ಬಂದು ಕೈ ತೋರಿಸಿಯಾನು. ಅವನ ಎಡಗೈಯಲ್ಲಿ ತೋರುಬೆರಳು ಇರಲಿಲ್ಲ. ಪ್ರಾಯದಲ್ಲಿದ್ದಾಗ ಮರ ಕೊಯ್ಯುವ ಸಾಮಿಲ್ಲಿನ ಗರಗಸ ಅದನ್ನು ಬುಡದಿಂದಲೇ ತೆಗೆದುಕೊಂಡಿತ್ತು.

ಬೇರೆ ಊರಿನಲ್ಲಾದರೆ ಜನ ಅಯ್ಯೋ ಪಾಪ ಎನ್ನುತ್ತಿದ್ದರು. ಆ ಊರಿನ ಬಡಗಿಗಳ ರೂಢಿಯೇ ಬೇರೆ. ಅಲ್ಲಿ ಬೆರಳು ಹೋಯಿತು ಎಂದು ಯಾರೂ ಹೇಳುವುದಿಲ್ಲ, ಬೆರಳು ಕೊಟ್ಟ ಎನ್ನುತ್ತಾರೆ. ಬೆರಳು ಕೊಡದವನ ಕೈಗೆ ತಲೆಬಾಗಿಲ ಕೆಲಸ ಕೊಡಬೇಡ ಎಂಬುದು ಅವರ ಗಾದೆ. ಆಯುಧಪೂಜೆಯ ದಿನ ಬಡಗಿಗಳೆಲ್ಲ ಒಟ್ಟಿಗೆ ಕೂತಾಗ ಬೆರಳು ಕೊಟ್ಟವರಿಗೆ ಮೇಲಿನ ಸಾಲು, ಕೈ ಪೂರಾ ಇದ್ದವರಿಗೆ ಚಪ್ಪಲಿ ಬಿಡುವ ಜಾಗದ ಪಕ್ಕ. ಹೊಸ ಗರಗಸ ಬಂದರೆ ಅದರ ಬ್ಲೇಡಿನ ಮೇಲೆ ಕೂರಿಸಿರುವ ಮುಚ್ಚಳವನ್ನು ಅದೇ ದಿನ ಬಿಚ್ಚಿ ಮೂಲೆಗೆ ಎಸೆಯುತ್ತಿದ್ದರು. ಮುಚ್ಚಳ ಇಟ್ಟುಕೊಂಡವನಿಗೆ ಅಂಜುಬುರುಕ ಎಂಬ ಹೆಸರು ಅಂಟುತ್ತಿತ್ತು.

ನಮ್ಮ ಬಡಗಿ ಮೇಲಿನ ಸಾಲಿನ ಮೊದಲನೆಯ ಮಣೆಯವನು. ಚಹಾದಂಗಡಿಯಲ್ಲಿ ಕೂತರೆ ಎಡಗೈ ಮೇಜಿನ ಮೇಲೆ, ಬಸ್ಸು ಹತ್ತಿದರೆ ಎಡಗೈ ಮುಂದಿನ ಸೀಟಿನ ಮೇಲೆ. ಏನಾಯಿತು ಯಜಮಾನರೇ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ. ಕೇಳದಿದ್ದರೆ ಕೆಮ್ಮುತ್ತಿದ್ದ. ಕೇಳಿದವರು ಇಳಿಯಬೇಕಾದ ಊರು ದಾಟಿಹೋದರೂ ಅವನ ಕತೆ ಮುಗಿಯುತ್ತಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಅಪ್ಪನ ಪಕ್ಕ ಕೂತು ಉಳಿ, ಕೈಗರಗಸ, ಕೀಸುಳಿ ಎಲ್ಲ ಕಲಿತಿದ್ದಳು. ಅವಳು ಕೂಡಿಸಿದ ಮೂಲೆಯಲ್ಲಿ ಕೂದಲು ಕೂಡ ತೂರುತ್ತಿರಲಿಲ್ಲ. ಆದರೂ ಹೆಣ್ಣುಮಗಳೆಂದು ಸಾಮಿಲ್ಲಿನವರು ಅವಳನ್ನು ಗೇಟಿನಿಂದಲೇ ತಿರುಗಿ ಕಳಿಸಿದರು. ಬಡಗಿಗೆ ರೋಷ ಉಕ್ಕಿತು. "ನನ್ನ ಮಗಳು ಮಂದಿ ಬಾಗಿಲಾ ಯಾಕ ಕಾಯಬೇಕು? ನಮ್ಮ ಮನ್ಯಾಗ ಆಕಿಗೆ ವರ್ಕ್‌ಶಾಪ್ ಹಾಕಿಕೊಡ್ತೀನಿ" ಎಂದು ಹೆಂಡತಿಗೆ ಹೇಳಿದ. ಖಾಲಿ ಬಿದ್ದಿದ್ದ ದನದ ಕೊಟ್ಟಿಗೆಯನ್ನು ಗುಡಿಸಿದ, ನೆಲ ಸಮ ಮಾಡಿಸಿದ, ಮನೆಯ ಕರೆಂಟನ್ನೇ ಅಲ್ಲಿಗೆ ಎಳೆಸಿದ. ಇನ್ನು ಬೇಕಾದದ್ದು ಒಂದು ಟೇಬಲ್ ಗರಗಸ. ಮೇಜಿನ ನಡುವಿನ ಸೀಳಿನಿಂದ ಬ್ಲೇಡು ಮೇಲೆದ್ದು ತಿರುಗುತ್ತದಲ್ಲ, ಅದು. ಅಪ್ಪ ಮಗಳು ಪೇಟೆಯ ಅಂಗಡಿಗೆ ಹೋದರು.

ಅಂಗಡಿಯಲ್ಲಿ ಎರಡು ಗರಗಸ ಇದ್ದವು. ಒಂದು ಸಾಮಿಲ್ಲಿನ ಜಾತಿಯದು. ಆನೆಯಂಥ ಕಬ್ಬಿಣದ ಮೈ, ಬೋಳು ಬ್ಲೇಡು. ಇನ್ನೊಂದು ಚಿಕ್ಕದು, ಮನೆಯ ಕರೆಂಟಿಗೆ ಓಡುವಂಥದ್ದು. ಅದರ ಬ್ಲೇಡಿನ ಮೇಲೆ ಕಣ್ಣಿಗೆ ಅಡ್ಡವಾಗದ ತಿಳಿ ಮುಚ್ಚಳ. ಕೊಯ್ದ ಮರ ಬ್ಲೇಡನ್ನು ಕಚ್ಚಿ ಹಿಂದಕ್ಕೆ ಚಿಮ್ಮದಂತೆ ಬ್ಲೇಡಿನ ಬೆನ್ನಿಗೊಂದು ತೆಳು ತಗಡು. ಬೆರಳಿನ ಬದಲು ಮರವನ್ನು ತಳ್ಳಲು ಪಕ್ಕದಲ್ಲಿ ನೇತುಹಾಕಿದ ಕೋಲು. ಮಗಳು ಆ ಚಿಕ್ಕದರ ಸುತ್ತ ಬಂದಳು. ಬಗ್ಗಿ ನೋಡಿದಳು. ಮುಚ್ಚಳ ಎತ್ತಿದಳು, ಇಳಿಸಿದಳು. ಕೊಯ್ಯಬೇಕಾದ ಗೆರೆ ಚೆನ್ನಾಗಿ ಕಾಣುತ್ತದೆ ಎಂದಳು.

ಅಷ್ಟರಲ್ಲಿ ವ್ಯಾಪಾರಿಯ ಕಣ್ಣು ಬಡಗಿಯ ಎಡಗೈ ಮೇಲೆ ಬಿತ್ತು. ಅವನಿಗೂ ಆ ಊರಿನ ರೂಢಿ ಗೊತ್ತು. ಕುರ್ಚಿ ಎಳೆದು ಕೂರಿಸಿದ, ಚಹಾ ತರಿಸಿದ.

"ಅದು ಕೆಲಸ ಬರದವ್ರ ಆಟಿಗಿ ಸಾಮಾನ್ರಿ ಯಜಮಾನ್ರ" ಎಂದ. "ಬೆರಳ ಕೊಟ್ಟವ್ರ ಮನ್ಯಾಗ ಮುಚ್ಚಳದ ಗರಗಸ ಇದ್ರ ಮಂದಿ ಏನಂದಾರು?"

ಬಡಗಿಯ ಎದೆ ಉಬ್ಬಿತು. ಕೊಟ್ಟಿಗೆಯಲ್ಲಿ ಜಾಗ ಎಷ್ಟಿದೆ, ಅಲ್ಲಿಯ ಕರೆಂಟು ಈ ಆನೆಯನ್ನು ಎಬ್ಬಿಸೀತೇ ಎಂಬುದು ಯಾವುದೂ ನೆನಪಿಗೆ ಬರಲಿಲ್ಲ. ಹೊಗಳಿಕೆ ಕಿವಿಗೆ ಬಿದ್ದರೆ ಕಣ್ಣು ಮುಚ್ಚುತ್ತದೆ. ಎದ್ದು ಹೋಗಿ ದೊಡ್ಡ ಗರಗಸದ ಮೇಜಿನ ಮೇಲೆ ಎಡಗೈ ಊರಿ, ಇದನ್ನೇ ಕಟ್ಟಿಕೊಡು ಎಂದ.

ಮಗಳು ಬಂದು ತನ್ನ ಎಡಗೈಯನ್ನು ಅವನ ಕೈಯ ಪಕ್ಕದಲ್ಲಿ ಊರಿದಳು.

"ಅಪ್ಪಾ, ನಾ ಯಾವ ಬೆರಳ ಕೊಡಬೇಕು? ಈಗ ಹೇಳಿಬಿಡು. ಆ ಬೆರಳಿಗೆ ಉಂಗುರ ಹಾಕ್ಕೊಳ್ಳೂದಿಲ್ಲ."

ಅವಳು ಕುಹಕ ಆಡಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಹುಟ್ಟಿದಂದಿನಿಂದ ಕೇಳಿದ ಮಾತನ್ನು ಅವಳು ನಂಬಿದ್ದಳು. ಬಡಗಿಯಾಗಬೇಕಾದರೆ ಕೊಡಬೇಕು ಎಂದಿದ್ದರೆ ಕೊಡಲು ಸಿದ್ಧಳಾಗಿಯೇ ನಿಂತಿದ್ದಳು.

ಬಡಗಿ ಆ ಕೈಯನ್ನು ನೋಡಿದ. ಉಳಿಯನ್ನು ಹೇಗೆ ಹಿಡಿಯಬೇಕೆಂದು ಅವನೇ ಒಂದೊಂದು ಬೆರಳನ್ನೂ ಮಡಿಸಿ ತೋರಿಸಿದ ಕೈ. ಅದರ ಪಕ್ಕದಲ್ಲಿ ತನ್ನ ಕೈ. ಬೆರಳು ಕೊಟ್ಟ ದಿನದ ಕತೆಯನ್ನು ಅವನು ಊರಿಗೆಲ್ಲ ಹೇಳಿದ್ದ. ಆಮೇಲಿನ ದಿನಗಳ ಕತೆಯನ್ನು ಯಾರಿಗೂ ಹೇಳಿರಲಿಲ್ಲ. ಪಂಚೆಯ ಗಂಟು ಹಾಕಿಕೊಳ್ಳಲಾಗದೆ ಹೆಂಡತಿಯ ಮುಂದೆ ನಿಂತು ಅತ್ತಿದ್ದ. ಉಳಿ ಹಿಡಿಯಲು ಹೋದರೆ ಇಲ್ಲದ ಬೆರಳು ನೋಯುತ್ತಿತ್ತು. ಚಳಿಗಾಲ ಬಂದರೆ ಈಗಲೂ ನೋಯುತ್ತದೆ. ಅದೇ ನೋವನ್ನು ಹಣ ಕೊಟ್ಟು ಕೊಂಡು, ಗಾಡಿಗೆ ಹೇರಿ, ಮಗಳಿಗೆಂದು ಮನೆಗೆ ಒಯ್ಯಲು ನಿಂತಿದ್ದೇನಲ್ಲ ಎಂದು ಅವನಿಗೆ ಹೊಳೆಯಿತು.

ಬೆಂಕಿ ಮುಟ್ಟಿದವನಂತೆ ಮಗಳ ಕೈಯನ್ನು ಆ ಮೇಜಿನಿಂದ ಎತ್ತಿದ.

"ಮುಚ್ಚಳ ಇರೂದು ಕಟ್ಟು" ಎಂದ.

"ಮಂದಿ ನಗತಾರ್ರಿ."

"ನಗಲಿ. ನನ್ನ ಮಗಳ ಹತ್ತೂ ಬೆರಳ ನೋಡಿ ನಗಲಿ."

ಮಂದಿ ನಕ್ಕರು. ಸುಮ್ಮನೆ ನಗಲಿಲ್ಲ, ಒಂದು ಬೆಳಿಗ್ಗೆ ಎದ್ದು ನೋಡಿದರೆ ಯಾರೋ ಅವನ ಬಾಗಿಲ ಚಿಲಕಕ್ಕೆ ಅಡುಗೆ ಪಾತ್ರೆಯ ಮುಚ್ಚಳ ಕಟ್ಟಿ ಹೋಗಿದ್ದರು. ಬಡಗಿಯ ಮುಖ ಕೆಂಪಾಯಿತು. ಹೆಂಡತಿ ಅದನ್ನು ಬಿಚ್ಚಿ, ತಿಕ್ಕಿ ತೊಳೆದು, ಸಾರಿನ ಗಡಿಗೆಗೆ ಸರಿಯಾಗಿದೆ ಎಂದು ಮುಚ್ಚಿಟ್ಟಳು. ಕೊಟ್ಟಿಗೆಯಲ್ಲಿ ಗರಗಸ ಓಡುತ್ತಲೇ ಇತ್ತು. ಮಗಳು ಕೋಲಿನಿಂದ ಮರ ತಳ್ಳಿದಳು, ತಿಳಿ ಮುಚ್ಚಳದ ಮೂಲಕ ಗೆರೆ ನೋಡಿದಳು. ಮೊದಲು ಮಣೆ ಮಾಡಿದಳು, ಆಮೇಲೆ ತೊಟ್ಟಿಲು, ಕಿಟಕಿ. ಕೊನೆಗೆ ಪಕ್ಕದೂರಿನ ರೈತನೊಬ್ಬ ಗಾದೆಯನ್ನು ಲೆಕ್ಕಿಸದೆ ತನ್ನ ಹೊಸ ಮನೆಯ ತಲೆಬಾಗಿಲನ್ನೇ ಅವಳಿಗೆ ಒಪ್ಪಿಸಿದ. ಆ ಬಾಗಿಲು ನೋಡಲು ನಕ್ಕವರೂ ಹೋಗಿ ಬಂದರು. ಬಂದವರು ಯಾರೂ ನಗಲಿಲ್ಲ.

ಆ ವರ್ಷದ ಆಯುಧಪೂಜೆಗೆ ಅವಳೂ ಬಡಗಿಯಾಗಿ ಬಂದಳು. ಬರಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಆದರೆ ರೂಢಿ ರೂಢಿಯೇ. ಕೈ ಪೂರಾ ಇದೆ ಎಂದು ಅವಳನ್ನು ಚಪ್ಪಲಿಗಳ ಪಕ್ಕ ಕೂರಿಸಿದರು. ಅಪ್ಪನಿಗೆ ಎಂದಿನಂತೆ ಮೊದಲನೆಯ ಮಣೆ. ವೀಳ್ಯದ ತಟ್ಟೆ ಮೊದಲು ಅವನ ಮುಂದೆ ಬಂತು. ಅವನು ವೀಳ್ಯ ತೆಗೆದುಕೊಂಡ, ಬಾಯಿಗೆ ಹಾಕಲಿಲ್ಲ. ಎದ್ದು ಸಾಲನ್ನೆಲ್ಲ ದಾಟಿ, ಚಪ್ಪಲಿಗಳನ್ನು ಕಾಲಿನಿಂದ ಸರಿಸಿ, ಮಗಳ ಪಕ್ಕ ಹೋಗಿ ನಿಂತ. ಅವಳ ಎಡಗೈ ಹಿಡಿದು ಎಲ್ಲರಿಗೂ ಕಾಣುವಂತೆ ಮೇಲೆತ್ತಿದ.

"ನೋಡ್ರಿ, ಕಣ್ಣು ತುಂಬ ನೋಡ್ರಿ" ಎಂದ. "ಇಷ್ಟ ವರ್ಷ ನಾ ಮಾಡಿದ ಕೆಲಸದಾಗ ಊನ ಇಲ್ಲದ್ದು ಇದೊಂದ."

ವೀಳ್ಯವನ್ನು ಆ ಕೈಯಲ್ಲಿಟ್ಟು ಅಲ್ಲೇ ನೆಲದ ಮೇಲೆ ಕೂತ. ಅಂದು ಅವನಿಗಾದ ಹೆಮ್ಮೆ ಮೇಲಿನ ಮಣೆಯಲ್ಲಿ ಕೂತ ಯಾವ ವರ್ಷವೂ ಆಗಿರಲಿಲ್ಲ. ಮೇಲಿನ ಸಾಲಿನಲ್ಲಿ ಒಬ್ಬೊಬ್ಬರಾಗಿ ಕೈಗಳನ್ನು ಮಡಿಲಿಗೆ ಎಳೆದುಕೊಂಡರು. ಅವರ ಮನೆಗಳಲ್ಲೂ ಮಕ್ಕಳಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯನಿಗೆ ಸಮಾಧಾನವಾಗಲಿಲ್ಲ. ಬಡಗಿ ಮಗಳ ಕೈ ಎತ್ತಿದ್ದು ಅವನಿಗೆ ಮೆಚ್ಚುಗೆಯಾಗಿತ್ತು. ಆದರೂ ಎದೆಯಲ್ಲಿ ಏನೋ ಮುಳ್ಳಿನಂತೆ ಚುಚ್ಚುತ್ತಿತ್ತು.

"ಹಾಗಾದರೆ ಅವನು ಕೊಟ್ಟ ಬೆರಳಿಗೆ ಬೆಲೆಯೇ ಇಲ್ಲವೇ ಗುರುಗಳೇ? ನಾನು ಪಟ್ಟದ್ದನ್ನು ಈ ಹುಡುಗರು ಯಾರೂ ಪಡದಿದ್ದರೆ, ನಾನು ಪಟ್ಟದ್ದೆಲ್ಲ ಯಾತಕ್ಕೆ ಬಂತು?" ಎಂದು ಕೇಳಿದ.

ಗುರುಗಳು ಗದರಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು ತಿರುಗಿ ಒಂದೇ ಮಾತು ಕೇಳಿದರು.

"ನಿನಗೆ ಬೇಕಾಗಿರುವುದು ಶಿಷ್ಯರೋ, ನಿನ್ನ ನೋವಿಗೆ ಜೊತೆಯೋ?"