ತಂಗಿಯ ಮುಖ ತಿರುಗಿಸಿದವನು

“ಬುದ್ಧಿ, ತಪ್ಪು ಮಾಡಿದವನು ಒಳಗೊಳಗೇ ನಾಚಿಕೆಯಿಂದ ಬೇಯುತ್ತಿದ್ದರೆ, ಅದೇ ಪ್ರಾಯಶ್ಚಿತ್ತ ಆಗುವುದಿಲ್ಲವೇ?”

ಕೇಳಿದವನು ಶಿವರುದ್ರ. ಮಠದ ದಾಸೋಹದ ಪಾತ್ರೆಗಳೆಲ್ಲ ಅವನ ಉಸ್ತುವಾರಿಯಲ್ಲಿದ್ದವು. ಹುಳಿ ಬೇಯಿಸುವ ಹಿತ್ತಾಳೆ ಹಂಡೆಯ ಒಳಮೈಗೆ ಹಾಕಿದ್ದ ತವರದ ಕಲಾಯಿ ಎದ್ದುಹೋಗಿತ್ತು. ಬರೀ ಹಿತ್ತಾಳೆಗೆ ತಾಗಿದರೆ ಹುಳಿ ವಿಷವಾಗುತ್ತದೆ. ಹೊಸದಾಗಿ ಹಾಕಿಸಿಕೊಂಡು ಬಾ ಎಂದು ಅವನಿಗೆ ಹೇಳಿದ್ದರು. ಪೇಟೆಗೆ ಹೋಗಲು ಬೇಸರಪಟ್ಟು ಅವನು ಹಂಡೆಯನ್ನು ಬರೀ ತೊಳೆದು ಒಳಗಿಟ್ಟ. ಅಡುಗೆಯ ದೇವೀರಮ್ಮನಿಗೆ ಕಣ್ಣು ಮಂಜು. ಕಲಾಯಿ ಆಯಿತೇ ಎಂದು ಅವಳು ಕೇಳಿದಾಗ ಆಯಿತು ಎಂದ. ಅಂದಿನ ಹುಳಿ ಉಂಡವರೆಲ್ಲ ವಾಂತಿ ಮಾಡಿಕೊಂಡರು. ಮುದುಕಿಯ ಕೈ ಕೆಟ್ಟಿತು ಎಂದು ಮಠದವರು ಅವಳನ್ನು ಮನೆಗೆ ಕಳಿಸಿದರು. ಶಿವರುದ್ರ ಬಾಯಿ ಬಿಡಲಿಲ್ಲ. ಅಂದಿನಿಂದ ರಾತ್ರಿಯ ಊಟ ಬಿಟ್ಟಿದ್ದ. ಇದನ್ನೆಲ್ಲ ಅವನು ಗುರುಗಳಿಗೂ ಹೇಳಿರಲಿಲ್ಲ. ಪ್ರಶ್ನೆಯನ್ನು ಮಾತ್ರ ಕೇಳಿದ.

ಗುರುಗಳು ಅವನ ಒಳಸೇರಿದ ಕೆನ್ನೆ ನೋಡಿದರು. “ಕೂತುಕೋ. ನರಿ, ಕಾಗೆ, ವ್ಯಾಪಾರಿಯ ಕತೆ ಹೇಳಿದರೆ ನೀನು ಅರ್ಧದಲ್ಲೇ ನೀತಿ ಕಂಡುಹಿಡಿದು ತಲೆಯಾಡಿಸುತ್ತೀಯ. ಅದಕ್ಕೇ ಮಂಗಳ ಗ್ರಹಕ್ಕೆ ಯಂತ್ರ ಕಳಿಸಿದವರ ಕತೆ ಹೇಳುತ್ತೇನೆ,” ಎಂದರು. ಆಮೇಲೆ ಹೇಳಿದರು.

ಒಂದು ದೇಶದವರು ಮಂಗಳದ ನೆಲವನ್ನು ಪರೀಕ್ಷಿಸಲು ಎರಡು ಯಂತ್ರಗಳನ್ನು ಕಳಿಸಿದರು. ಎರಡೂ ಒಂದೇ ಅಚ್ಚಿನವು. ಎರಡಕ್ಕೂ ಗಾಲಿಗಳಿದ್ದವು, ಬೆನ್ನ ಮೇಲೆ ಬಿಸಿಲಿನಿಂದ ವಿದ್ಯುತ್ ಮಾಡುವ ಹಲಗೆಗಳಿದ್ದವು. ಒಂದು ಗ್ರಹದ ಈ ಮಗ್ಗುಲಲ್ಲಿ ಇಳಿಯಿತು, ಇನ್ನೊಂದು ಆ ಮಗ್ಗುಲಲ್ಲಿ. ಮೊದಲು ಇಳಿದದ್ದನ್ನು ಅಕ್ಕ ಎಂದು ಕರೆದರು, ಆಮೇಲೆ ಇಳಿದದ್ದನ್ನು ತಂಗಿ ಎಂದರು. ಕಾಗದದ ಮೇಲೆ ಬೇರೆ ದೊಡ್ಡ ಹೆಸರುಗಳಿದ್ದವು. ಆ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ.

ಈ ಯಂತ್ರಗಳ ಜೊತೆ ಮಾತು ರೇಡಿಯೋದಲ್ಲಿ ನಡೆಯುತ್ತಿತ್ತು. ಇಲ್ಲಿಂದ ಒಂದು ಆಜ್ಞೆ ಹೋಗಿ ಅಲ್ಲಿಂದ ಉತ್ತರ ಬರುವಷ್ಟರಲ್ಲಿ ಒಲೆಯ ಮೇಲಿಟ್ಟ ಅನ್ನ ಬೆಂದಿರುತ್ತಿತ್ತು. ಪ್ರತಿ ಯಂತ್ರಕ್ಕೂ ತಟ್ಟೆಯಂಥ ಒಂದು ಆಂಟೆನಾ. ಅದರ ಮುಖ ಭೂಮಿಯ ಕಡೆಗಿದ್ದರೆ ಮಾತು ಚೆನ್ನಾಗಿ ಕೇಳಿಸುತ್ತಿತ್ತು, ತುಸು ಆಚೀಚೆಯಾದರೂ ಇಲ್ಲ. ಜೊತೆಗೆ ಕಡ್ಡಿಯಂಥ ಇನ್ನೊಂದು ಚಿಕ್ಕ ಆಂಟೆನಾ ಇತ್ತು. ಅದು ಎಲ್ಲ ದಿಕ್ಕಿನಿಂದಲೂ ಕೇಳುತ್ತಿತ್ತು. ಆದರೆ ಅದಕ್ಕೆ ಕಿವಿ ಮಂದ. ಭೂಮಿಯ ಮೇಲಿನ ಎಲ್ಲಕ್ಕಿಂತ ದೊಡ್ಡ ಆಂಟೆನಾದಿಂದ, ಪೂರ್ತಿ ಶಕ್ತಿ ಹಾಕಿ, ನಿಧಾನವಾಗಿ ಕೂಗಿದರೆ ಮಾತ್ರ ಅದಕ್ಕೆ ತಿಳಿಯುತ್ತಿತ್ತು.

ಅವರಲ್ಲಿ ಒಂದು ಕ್ರಮವಿತ್ತು. ಆಜ್ಞೆ ಕಳಿಸುವ ಮೊದಲು ಒಬ್ಬರು ಅದನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡಿಕೊಂಡು ತಿರುಗಿ ಹೇಳಬೇಕು. ಮೊದಲ ಮಾತೇ “ಇದು ಯಾರಿಗೆ?” ಎಂಬುದು. “ಅಕ್ಕನಿಗೆ” ಎಂದೋ “ತಂಗಿಗೆ” ಎಂದೋ ಇನ್ನೊಬ್ಬರು ಹೇಳಿದ ಮೇಲೆಯೇ ಮುಂದಿನದು. ಈ ಕ್ರಮವನ್ನು ತಂದವನು ಅಲ್ಲಿಯ ಹಿರಿಯ. ಉಳಿದವರೆಲ್ಲ ಅವನ ಕೈಕೆಳಗೆ ಕಲಿತವರು. ಊಟದ ಹೊತ್ತಿನಲ್ಲಿ ಒಂದು ದಿನ ಅವನು ಅಕ್ಕನ ತಟ್ಟೆಯನ್ನು ಭೂಮಿಯ ನೇರಕ್ಕೆ ತಿರುಗಿಸುವ ಆಜ್ಞೆ ಸಿದ್ಧಮಾಡಿದ. ತಿರುಗಿ ಹೇಳಬೇಕಾದವರು ಊಟಕ್ಕೆ ಹೋಗಿದ್ದರು. ತಾನೇ ಕಲಿಸಿದ ಹುಡುಗರ ಒಪ್ಪಿಗೆಗೆ ಕಾಯುತ್ತ ಕೂರಬೇಕೇ ಎಂದುಕೊಂಡು ಒಬ್ಬನೇ ಕಳಿಸಿಬಿಟ್ಟ. ಆಜ್ಞೆ ಅಕ್ಕನಿಗೆ ಹೋಗಲಿಲ್ಲ, ತಂಗಿಗೆ ಹೋಯಿತು.

ತಂಗಿ ಹೇಳಿದ ಮಾತು ಮೀರುವವಳಲ್ಲ. ಅಕ್ಕನಿದ್ದ ಮಗ್ಗುಲಿನ ಲೆಕ್ಕದಂತೆಯೇ ತಟ್ಟೆಯ ಮುಖವನ್ನು ಭೂಮಿಯಿಂದ ಆಚೆಗೆ ತಿರುಗಿಸಿಕೊಂಡು ಸುಮ್ಮನಾದಳು.

ಅಕ್ಕನ ತಟ್ಟೆ ಇದ್ದಲ್ಲೇ ಇರುವುದನ್ನು ಕಂಡಾಗ ಹಿರಿಯನಿಗೆ ಏನಾಗಿದೆಯೆಂದು ತಿಳಿಯಿತು. ಆ ಗಳಿಗೆಯಲ್ಲಿ ಅವನು ಹೇಳಿಬಿಡುತ್ತಿದ್ದನೋ ಏನೋ. ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ತಂಗಿ ಇರುವ ಕಡೆ ಧೂಳಿನ ಬಿರುಗಾಳಿ ಎದ್ದಿದೆ ಎಂಬ ಸುದ್ದಿ ಬಂತು. ಧೂಳು ಕವಿದರೆ ಬಿಸಿಲಿಲ್ಲ, ಬಿಸಿಲಿಲ್ಲದಿದ್ದರೆ ಯಂತ್ರ ನಿದ್ದೆ ಹೋಗುತ್ತದೆ. ತಂಗಿ ಮಾತು ನಿಲ್ಲಿಸಿದ್ದು ಅದಕ್ಕೇ ಎಂದು ಎಲ್ಲರೂ ಅಂದರು. ಕಳಿಸಿದ ಆಜ್ಞೆಗಳಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿದೆಯೇ ಎಂದು ಮುಖ್ಯಸ್ಥರು ಕೇಳಿದರು. ಹಿರಿಯ, “ನಾನೇ ನೋಡಿದ್ದೀನಿ, ಏನೂ ಇಲ್ಲ,” ಎಂದ. ಅವನು ನೋಡಿದ್ದೇನೆ ಎಂದ ಮೇಲೆ ಇನ್ನೊಬ್ಬರು ನೋಡುವುದುಂಟೇ? ಯಾರೂ ನೋಡಲಿಲ್ಲ.

ಶಿವರುದ್ರ, ಇಲ್ಲಿ ಒಂದು ವಿಷಯ ತಿಳಿದುಕೋ. ಧೂಳಿನಿಂದ ಮಲಗಿದ ಯಂತ್ರಕ್ಕೆ ಮದ್ದು ಕಾಯುವುದು. ಮುಖ ತಿರುಗಿದ ಯಂತ್ರಕ್ಕೆ ಮದ್ದು ದೊಡ್ಡ ಆಂಟೆನಾದಿಂದ ಕೂಗುವುದು. ಇವರು ಕಾಯುತ್ತ ಕೂತರು. ಅಲ್ಲಿ ಚಳಿಗಾಲ ಹತ್ತಿರವಾಗುತ್ತಿತ್ತು. ತಂಗಿ ನಿಂತಿದ್ದದ್ದು ತಗ್ಗಿನಲ್ಲಿ. ಮೇಲಿನ ಇಳಿಜಾರಿನಲ್ಲಿ ಚಳಿಗಾಲದಲ್ಲೂ ಬಿಸಿಲು ಬೀಳುತ್ತಿತ್ತು. ಚಳಿ ಇಳಿಯುವ ಮೊದಲು ಅಲ್ಲಿಗೆ ಹತ್ತು ಎಂದು ಅದಕ್ಕೆ ಹೇಳಬೇಕು. ಹೇಳದಿದ್ದರೆ ಬ್ಯಾಟರಿ ಹೆಪ್ಪುಗಟ್ಟಿ ಅದರ ಕತೆ ಮುಗಿಯುತ್ತದೆ. ಹೇಳುವ ದಾರಿ ಗೊತ್ತಿದ್ದವನು ಒಬ್ಬನೇ, ಅವನ ಬಾಯಿಗೆ ಬೀಗ ಬಿದ್ದಿತ್ತು.

ತಂಗಿಯನ್ನು ನಡೆಸುತ್ತಿದ್ದವಳು ಒಬ್ಬ ಹೆಣ್ಣುಮಗಳು. ಗಾಲಿಯನ್ನು ಯಾವ ಕಲ್ಲಿನ ಮಗ್ಗುಲಿಂದ ಹಾಯಿಸಬೇಕೆಂದು ದಿನವೂ ಆಜ್ಞೆ ಬರೆಯುತ್ತಿದ್ದವಳು ಅವಳೇ. ಒಳ್ಳೆಯ ಕಲ್ಲುಗಳು ಸಿಗುತ್ತವೆಂದು ತಂಗಿಯನ್ನು ತಗ್ಗಿಗೆ ಇಳಿಸಿದ್ದವಳೂ ಅವಳೇ. ಈಗ ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ಮೇಲೆ ನಿಲ್ಲಿಸಿದ್ದರೆ ಒಂದಿಷ್ಟಾದರೂ ಬಿಸಿಲು ಸಿಗುತ್ತಿತ್ತಲ್ಲ ಎಂದು ಅವಳಿಗೆ ಕೇಳಿಸುವ ಹಾಗೆ ಆಡಿಕೊಂಡರು. ಅವಳು ಊಟದ ಮನೆಯಲ್ಲಿ ಒಬ್ಬಳೇ ಕೂರತೊಡಗಿದಳು. ಒಮ್ಮೆ ಹಿರಿಯನ ಬಳಿಗೇ ಬಂದು, “ಸರ್, ನಾನು ಬರೆದದ್ದನ್ನೆಲ್ಲ ಒಂದು ಸಲ ನೀವೇ ನೋಡ್ತೀರಾ? ಎಲ್ಲಿ ತಪ್ಪಿದೀನಿ ಅಂತ ನಂಗೆ ಗೊತ್ತಾಗ್ತಿಲ್ಲ,” ಎಂದಳು. ನೋಡುತ್ತೇನಮ್ಮ ಎಂದು ಅವನು ಆ ಕಡೆ ಮುಖ ಮಾಡಿದ.

ಅವನಿಗೆ ನಾಚಿಕೆಯಾಗಲಿಲ್ಲ ಎಂದುಕೊಳ್ಳಬೇಡ. ಬೇಕಾದಷ್ಟು ಆಯಿತು. ಕಂಡವರೆದುರು ತಲೆಯೆತ್ತದಷ್ಟು ಆಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯಾರು ಯಾವ ಮಾತು ಎತ್ತಿದರೂ ಅವನು ಬೆಚ್ಚುತ್ತಿದ್ದ. ನಿದ್ದೆ ಕೆಟ್ಟಿತು. ಅವನಿಗೆ ಕಾಫಿಯೆಂದರೆ ಪ್ರಾಣ, ಅದನ್ನು ಬಿಟ್ಟ. ರಜೆಯ ದಿನವೂ ಕೆಲಸಕ್ಕೆ ಬಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಏನೂ ಕೇಳದ ರೇಡಿಯೋದ ಮುಂದೆ ಕೂತ. ಅವನು ಸೊರಗಿದ್ದನ್ನು ಕಂಡು ಉಳಿದವರು ಮರುಗಿದರು. ತಂಗಿಯ ಮೇಲೆ ಎಷ್ಟು ಅಕ್ಕರೆ ನೋಡಿ ಎಂದರು. ಆ ಮಾತು ಕೇಳಿ ಅವನಿಗೆ ಇನ್ನಷ್ಟು ನಾಚಿಕೆಯಾಯಿತು. ಅವನು ಆ ದಿನ ಊಟವನ್ನೂ ಬಿಟ್ಟ.

ಅವನು ಕಾಫಿ ಬಿಟ್ಟಿದ್ದರಿಂದ ಮಂಗಳದ ಮೇಲೆ ಒಂದು ಕಡ್ಡಿಯೂ ಬೆಚ್ಚಗಾಗಲಿಲ್ಲ, ಶಿವರುದ್ರ.

ಯಾರಿಗೂ ತಿಳಿಯದ ಹಾಗೆ ಸರಿಮಾಡಲು ನೋಡಿದ್ದೂ ಉಂಟು. ದಿನಬಳಕೆಗೆ ಭೂಮಿಯ ಮೇಲಿದ್ದ ಸಣ್ಣ ಆಂಟೆನಾದಿಂದಲೇ ತಂಗಿಯನ್ನು ಕರೆದ. ಆ ದನಿ ಅಷ್ಟು ದೂರದ ಮಂದ ಕಿವಿಗೆ ಮುಟ್ಟಲಿಲ್ಲ. ದೊಡ್ಡ ಆಂಟೆನಾ ಬೇಕೆಂದರೆ ಯಾಕೆ ಬೇಕು ಎಂದು ಹೇಳಬೇಕಾಗಿತ್ತು. ಅರ್ಜಿ ಹಾಕಲು ಎದ್ದ, ಬಾಗಿಲವರೆಗೆ ಹೋದ, ಹಿಂದೆ ಬಂದ. ಬಿಸಿ ತುಪ್ಪ ಬಾಯಿಗೆ ಬಿದ್ದವನ ಪಾಡು, ನುಂಗಲೂ ಆಗದು, ಉಗುಳಲೂ ಆಗದು.

ಬಿರುಗಾಳಿ ಅಡಗಿತು. ಧೂಳು ಇಳಿಯಿತು. ತಂಗಿ ಆಗಲೂ ಮಾತಾಡಲಿಲ್ಲ. ಇನ್ನು ಕಾದು ಪ್ರಯೋಜನವಿಲ್ಲ, ತಂಗಿಯ ಕೆಲಸ ಮುಗಿಯಿತು ಎಂದು ಮುಖ್ಯಸ್ಥರು ತೀರ್ಮಾನಿಸಿದರು. ಬೀಳ್ಕೊಡಲು ಒಂದು ಸಭೆ ಕರೆದರು. ಯಂತ್ರವಾದರೇನು, ಮನೆಯವರು ಹೋದರೆ ಮಾಡುವ ಹಾಗೇ ಮಾಡಿದರು. ಮೇಜಿನ ಮೇಲೆ ತಂಗಿಯ ಫೋಟೋ ಇಟ್ಟರು, ಹಾರ ಹಾಕಿದರು, ಮುಂದೆ ದೀಪ ಹಚ್ಚಿದರು. ಒಬ್ಬೊಬ್ಬರೂ ಎದ್ದು ಎರಡು ಮಾತು ಆಡಿದರು. ಕೊನೆಗೆ ನಡೆಸುವ ಹೆಣ್ಣುಮಗಳ ಸರದಿ ಬಂತು.

ಅವಳು ಫೋಟೋದ ಕಡೆ ನೋಡಲಿಲ್ಲ. ಕೂತವರಿಗೆ ಕೈಮುಗಿದಳು. “ನಾನು ತಗ್ಗಿಗೆ ಇಳಿಸಬಾರದಿತ್ತು. ನಿಮ್ಮೆಲ್ಲರ ಇಷ್ಟು ವರ್ಷದ ಕೆಲಸ ನನ್ನ ಕೈಯಲ್ಲಿ ಹಾಳಾಯ್ತು. ಕ್ಷಮಿಸಿ,” ಎಂದಳು. ತನ್ನ ಕುರ್ಚಿಗೆ ಹೋಗಿ ಕೂತಳು. ಪರವಾಗಿಲ್ಲ ಎಂದು ಯಾರೂ ಅನ್ನಲಿಲ್ಲ.

ಹಿರಿಯ ಮುಂದಿನ ಸಾಲಿನಲ್ಲಿದ್ದ. ಎದ್ದು ನಿಂತ.

“ಆ ಹಾರ ತೆಗೀರಿ,” ಎಂದ. “ತಂಗಿ ಸತ್ತಿಲ್ಲ. ಅಕ್ಕನಿಗೆ ಕಳಿಸಬೇಕಾದ ಆಜ್ಞೆಯನ್ನ ನಾನು ತಂಗಿಗೆ ಕಳಿಸಿದೆ. ತಟ್ಟೆ ಮುಖ ತಿರುಗಿಸಿಬಿಟ್ಟಿದೀನಿ. ಓದಿಸಿ ಕೇಳಲಿಲ್ಲ. ಅವತ್ತೇ ಗೊತ್ತಿತ್ತು ನಂಗೆ. ಈ ಮಗು ಏನೂ ತಪ್ಪು ಮಾಡಿಲ್ಲ.”

ಅವನಿಂದ ಕೆಲಸ ಕಲಿತವರು ಅವನನ್ನು ನೋಡಲಾರದೆ ನೆಲ ನೋಡಿದರು. ಮುಖ್ಯಸ್ಥರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಷ್ಟು ದಿನ ಅವನು ಯಾವುದಕ್ಕೆ ಅಂಜಿದ್ದನೋ ಅದೆಲ್ಲ ಅವನ ಕಣ್ಣೆದುರೇ ಆಯಿತು. ಅವನು ಆ ಹೆಣ್ಣುಮಗಳ ಕಡೆ ತಿರುಗಿ ಕೈ ಜೋಡಿಸಿದ. ಕ್ಷಮೆ ಕೇಳಲು ಅವನು ಎಷ್ಟೋ ದಿನದಿಂದ ಮನಸ್ಸಿನಲ್ಲೇ ಮಾತು ಹೊಂದಿಸಿಕೊಂಡಿದ್ದ. ಈಗ ಅದನ್ನು ಶುರುಮಾಡಿದ.

ಅವಳು ನಡುವೆಯೇ ತಡೆದಳು. “ಅದೆಲ್ಲ ಆಮೇಲೆ, ಸರ್. ಎತ್ತ ಕಡೆ ತಿರುಗಿಸಿದ್ರಿ? ಎಷ್ಟು?”

ಅವನು ಹೇಳಿದ. ಅವಳು ಅಲ್ಲಿಂದಲೇ ಓಡಿದಳು. ಉಳಿದವರು ಅವಳ ಹಿಂದೆ ಓಡಿದರು. ದೀಪ ಉರಿಯುತ್ತಲೇ ಇತ್ತು, ಹಾರ ತೆಗೆಯುವುದೂ ಯಾರಿಗೂ ನೆನಪಾಗಲಿಲ್ಲ.

ದೊಡ್ಡ ಆಂಟೆನಾವನ್ನು ಬೇರೆಯವರಿಂದ ಕೇಳಿ ಪಡೆದರು. ಕಡ್ಡಿಯ ಮಂದ ಕಿವಿಗೆ ಆಜ್ಞೆ ಬರೆದರು. ಕಳಿಸುವ ಮೊದಲು ಅವಳು ಹಿರಿಯನನ್ನೇ ಪಕ್ಕಕ್ಕೆ ಕರೆದು ಕೂರಿಸಿಕೊಂಡು, “ಇದು ಯಾರಿಗೆ?” ಎಂದು ಕೇಳಿದಳು. “ತಂಗಿಗೆ,” ಎಂದ ಅವನು. ತಟ್ಟೆಯನ್ನು ಭೂಮಿಯ ಕಡೆಗೆ ತಿರುಗಿಸಿಕೋ ಎಂದು ಪೂರ್ತಿ ಶಕ್ತಿ ಹಾಕಿ, ನಿಧಾನವಾಗಿ, ಮತ್ತೆ ಮತ್ತೆ ಕೂಗಿದರು. ಕಾದರು. ಉತ್ತರ ಬರಲಿಲ್ಲ. ಮಾರನೆಯ ದಿನವೂ ಕೂಗಿದರು. ಅದರ ಮಾರನೆಯ ದಿನ ಅಲ್ಲಿ ಬಿಸಿಲೇರಿದ ಮೇಲೆ ಪರದೆಯ ಮೇಲೆ ಒಂದು ಸಣ್ಣ ಗೆರೆ ಎದ್ದಿತು. ತಂಗಿ ಮಾತಾಡಿದಳು.

ದನಿ ಬಹಳ ಸಣ್ಣದಾಗಿತ್ತು. ಹಲಗೆಗಳ ಮೇಲೆ ಧೂಳು ಕೂತಿತ್ತು. ಬ್ಯಾಟರಿಯಲ್ಲಿ ಶಕ್ತಿ ತಳ ಕಂಡಿತ್ತು. ಚಳಿ ಆಗಲೇ ಶುರುವಾಗಿತ್ತು. ತಿಂಗಳ ಹಿಂದೆ ಹೇಳಿದ್ದರೆ ಆರಾಮವಾಗಿ ಹತ್ತಬಹುದಾಗಿದ್ದ ದಾರಿ ಈಗ ದೂರವಾಗಿ ಕಂಡಿತು. ನಡೆಸುವ ಹೆಣ್ಣುಮಗಳು ದಾರಿಯ ಒಂದೊಂದು ಕಲ್ಲನ್ನೂ ನೋಡಿ ಆಜ್ಞೆ ಬರೆದಳು. ಹಿರಿಯ ಒಂದೊಂದನ್ನೂ ತಿರುಗಿ ಹೇಳಿದ. ತಂಗಿ ಚಳಿಗೆ ತಿರುಗದೆ ನಿಂತ ಒಂದು ಗಾಲಿಯನ್ನು ಎಳೆದುಕೊಂಡು ತಗ್ಗಿನಿಂದ ಮೇಲಕ್ಕೆ ಹೊರಟಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಪಕ್ಕದಲ್ಲಿದ್ದ ಚೊಂಬು ಎತ್ತಿ ನೀರು ಕುಡಿದರು. ಶಿವರುದ್ರ ಮುಂದಿನ ಮಾತಿಗೆ ಕಾದ. ಗುರುಗಳು ಹೇಳುವ ಹಾಗೆ ಕಾಣಲಿಲ್ಲ. ಅವನು ಕೇಳಲೋ ಬೇಡವೋ ಎಂದು ತಡೆದು ತಡೆದು ಕೊನೆಗೆ ಕೇಳಿದ.

“ಬುದ್ಧಿ, ಆಮೇಲೆ ಆ ಹಿರಿಯನನ್ನು ಅವರೆಲ್ಲ ಕ್ಷಮಿಸಿದರೇ?”

ಗುರುಗಳು ಚೊಂಬು ಕೆಳಗಿಟ್ಟರು.

“ತಂಗಿ ಬಿಸಿಲು ಮುಟ್ಟಿದಳೇ ಎಂದು ನೀನು ಕೇಳಲಿಲ್ಲ.”